ಕಿವಿಯಿಂದ ಕಂಡ ನಾಟಕ

ನಮ್ಮ ಆಲಂಕಾರಿಕರು ಕಾವ್ಯವನ್ನು ದೃಶ್ಯವೆಂದೂ ಶ್ರವ್ಯವೆಂದೂ ಎರಡಾಗಿ ವಿಂಗಡಿಸಿ, ನಾಟಕವನ್ನು ದೃಶ್ಯದ ಪಂಕ್ತಿಯಲ್ಲಿ ಕುಳ್ಳಿರಿಸಿದರು. ನಾಟಕವೆಂದರೆ ನೋಡತಕ್ಕದ್ದು ಎಂಬುದು ಅಂದಿನಿಂದ ಇಂದಿನವರೆಗೆ ಎಲ್ಲರೂ ಒಪ್ಪಿದ ಮಾತು. ನೋಡಲಾಗದವನು ಏನು ಮಾಡಬೇಕೆಂಬ ಪ್ರಶ್ನೆ ಆ ಮಹನೀಯರ ಮುಂದೆ ಬಂದಿದ್ದಿತೋ ಇಲ್ಲವೋ ಅರಿಯೆನು. ನಮ್ಮ ಮನೆಯಲ್ಲಂತೂ ಅದು ಬಂದಿತು.

ಜಯನಗರದ ನಮ್ಮ ಮನೆಯಲ್ಲಿ ನನ್ನ ವೃದ್ಧ ತಂದೆಯವರು ನಮ್ಮೊಡನೆ ಇರುವರು. ಎಂಬತ್ತೈದು ದಾಟಿದ ವಯಸ್ಸು. ನೆನಪು ಚುರುಕಾಗಿದೆ, ನಾಲಗೆ ಅದಕ್ಕಿಂತಲೂ ಚುರುಕಾಗಿದೆ. ಆದರೆ ಗ್ಲಾಕೋಮಾ ಎಂಬ ಕಣ್ಣಿನ ವ್ಯಾಧಿ ಕೆಲವು ವರ್ಷಗಳಿಂದ ಅವರ ದೃಷ್ಟಿಯನ್ನು ಅಂಚಿನಿಂದ ಒಳಮುಖವಾಗಿ ಮೆಲ್ಲಮೆಲ್ಲನೆ ನುಂಗುತ್ತ ಬಂದಿದೆ. ಈ ವ್ಯಾಧಿಯಲ್ಲಿ ಒಮ್ಮೆ ಹೋದ ದೃಷ್ಟಿ ಮರಳಿ ಬರುವುದಿಲ್ಲ; ಹನಿ ಔಷಧಿಯಿಂದ ಉಳಿದುದನ್ನು ಉಳಿಸಿಕೊಳ್ಳಬಹುದು, ಅಷ್ಟೆ. ಸಂಜೆ ಮನೆಮಂದಿಯೆಲ್ಲ ಟೆಲಿವಿಷನ್ನಿನ ಮುಂದೆ ಕುಳಿತಾಗ ಅವರೂ ಮೊದಮೊದಲು ಬಂದು ಕುಳಿತುಕೊಳ್ಳುತ್ತಿದ್ದರು. ನಾವು ನಕ್ಕಾಗ, "ಏಕೆ ನಕ್ಕಿರಿ?" ಎಂದು ಕೇಳುವರು. ಹೇಳುವಷ್ಟರಲ್ಲಿ ಮುಂದಿನ ನಗೆ ಬಂದಿರುವುದು. ಕೆಲವು ತಿಂಗಳಾದ ಮೇಲೆ ಕೇಳುವುದನ್ನು ಬಿಟ್ಟರು. ಅನಂತರ ಬರುವುದನ್ನೂ ಬಿಟ್ಟರು. ಊಟವಾದೊಡನೆ, "ನನಗೆ ನಿದ್ದೆ ಬರುತ್ತಿದೆ" ಎಂದು ಕೋಣೆಗೆ ಹೋಗಿ ಕತ್ತಲಲ್ಲಿ ಎಚ್ಚರವಾಗಿಯೇ ಮಲಗಿರುತ್ತಿದ್ದರು. ಇದು ನಮ್ಮ ಕಣ್ಣಿಗೆ ಬೀಳಲು ಬಹಳ ಕಾಲ ಹಿಡಿಯಿತೆಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ. ಕುರುಡು ಯಾರದಾಗಿದ್ದಿತೆಂಬುದನ್ನು ವಾಚಕರೇ ನಿರ್ಣಯಿಸಲಿ.

ಈ ಸ್ಥಿತಿಯಲ್ಲಿ ಬೀರುವನ್ನು ಚೊಕ್ಕಟಮಾಡುವಾಗ ಹಳೆಯ ಧ್ವನಿಮುದ್ರಿಕೆಯೊಂದು ಕೈಗೆ ಸಿಕ್ಕಿತು. ಇಂಗ್ಲೆಂಡಿನಲ್ಲಿ ನೆಲಸಿದ್ದ ನನ್ನ ಭಾವಮೈದುನನು ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ತಂದುಕೊಟ್ಟ ಎರಡು ಸಿ.ಡಿ.ಗಳ ಇಂಗ್ಲಿಷ್ ನಾಟಕವದು. ಹೆಸರು 'ದಿ ಸೈರನ್ಸ್ ಆಫ್ ಟೈಮ್'. 'ಕಾಲದ ಮೋಹಿನಿಯರು' ಎಂದು ನಾವು ಕನ್ನಡಿಸಿಕೊಳ್ಳಬಹುದು. ಅಂದು ಅದನ್ನು ಕೆಲಸದ ನಡುವೆ ಅರ್ಧಂಬರ್ಧವಾಗಿ ಕೇಳಿ, "ಗದ್ದಲ ಹೆಚ್ಚು" ಎಂದು ಕಟ್ಟಿಟ್ಟಿದ್ದೆನು. ಈ ಸಲ ಅದನ್ನು ಕೇಳಿಸಿದವರು ನಮ್ಮ ತಂದೆಯವರು. ಆ ನಾಲ್ಕು ರಾತ್ರಿಗಳ ವಿಷಯವನ್ನು ಗೃಹಸ್ಥರಾದ ವಾಚಕರೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಮೊದಲು ಈ ನಾಟಕದ ಕುಲಗೋತ್ರವನ್ನು ಹೇಳಬೇಕು. ಇಂಗ್ಲೆಂಡಿನ ಬಿ.ಬಿ.ಸಿ. ಸಂಸ್ಥೆಯು 1963ನೆಯ ನವೆಂಬರ್ 23ರಂದು 'ಡಾಕ್ಟರ್ ಹೂ' ಎಂಬ ವೈಜ್ಞಾನಿಕ ಕಥಾಮಾಲೆಯೊಂದನ್ನು ಟೆಲಿವಿಷನ್ನಿನಲ್ಲಿ ಆರಂಭಿಸಿತು. ಅದರ ಮೊದಲ ಕಥೆಯನ್ನು ನಿರ್ದೇಶಿಸಿದವರು ಲಖನೌದಲ್ಲಿ ಹುಟ್ಟಿದ ವಾರಿಸ್ ಹುಸೇನ್ ಎಂಬ ತರುಣರು. ಆಗ ಅವರಿಗೆ ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಕಥಾನಾಯಕನಿಗೆ 'ಡಾಕ್ಟರ್' ಎಂಬುದಲ್ಲದೆ ಬೇರೆ ಹೆಸರು ಬಳಕೆಯಲ್ಲಿಲ್ಲ. ಈತನು ಗ್ಯಾಲಿಫ್ರೇ ಎಂಬ ದೂರದ ಲೋಕದವನು. ಹೊರಗಿನಿಂದ ನೋಡಿದರೆ ಬೀದಿಬದಿಯ ಪೋಲೀಸು ಟೆಲಿಫೋನಿನ ನೀಲಿ ಗೂಡಿನಂತೆಯೂ, ಒಳಹೊಕ್ಕರೆ ಅರಮನೆಯಷ್ಟು ವಿಶಾಲವಾಗಿಯೂ ಇರುವ ಯಂತ್ರವೊಂದರಲ್ಲಿ ಕುಳಿತು, ದೇಶದಲ್ಲಿ ಸಂಚರಿಸುವಂತೆಯೇ ಕಾಲದಲ್ಲಿಯೂ ಸಂಚರಿಸುವನು. ದೇಹವು ಜೀರ್ಣವಾದಾಗ ಹೊಸ ದೇಹವನ್ನು ತಳೆಯುವನು. ಮೊದಲಿನ ನಟರಾದ ವಿಲಿಯಂ ಹಾರ್ಟ್‌ನೆಲ್ ಅವರು 1966ರಲ್ಲಿ ನಿವೃತ್ತರಾದಾಗ, ಬೇರೊಬ್ಬ ನಟನನ್ನು ಅದೇ ಪಾತ್ರಕ್ಕೆ ತರುವುದಕ್ಕಾಗಿ ಹೂಡಿದ ಉಪಾಯವಿದು. ನಟನಿಗೆ ಮುಪ್ಪು ಬಂದೀತು, ಕಥೆಗೆ ಬಾರದು.

ಇಪ್ಪತ್ತಾರು ವರ್ಷ ನಡೆದ ಈ ಮಾಲೆ 1989ರಲ್ಲಿ ನಿಂತಿತು. 1996ರಲ್ಲಿ ಒಂದೇ ಒಂದು ಚಿತ್ರವಾಗಿ ತಲೆಯೆತ್ತಿ ಮತ್ತೆ ಮಲಗಿತು. 2005ರಲ್ಲಿ ಟೆಲಿವಿಷನ್ನಿಗೆ ಮರಳುವವರೆಗೆ ಅದರ ಅಭಿಮಾನಿಗಳಿಗೆ ಒದಗಿದುದು ಅಜ್ಞಾತವಾಸ. ಆ ಅಜ್ಞಾತವಾಸದ ನಡುವೆ, 1999ನೆಯ ಜುಲೈಯಲ್ಲಿ, ಬಿಗ್ ಫಿನಿಷ್ ಎಂಬ ಸಣ್ಣ ಸಂಸ್ಥೆಯು ಅನುಮತಿ ಪಡೆದು ಕೇವಲ ಧ್ವನಿಯಲ್ಲಿ ಹೊರತಂದ ಮೊದಲನೆಯ ನಾಟಕವೇ 'ಕಾಲದ ಮೋಹಿನಿಯರು'. ನಿಕೋಲಸ್ ಬ್ರಿಗ್ಸ್ ಎಂಬವರು ಅದನ್ನು ಬರೆದು ನಿರ್ದೇಶಿಸಿದರು. ಧ್ವನಿನಾಟಕ ಈ ಮಾಲೆಗೆ ತೀರ ಹೊಸದಾಗಿರಲಿಲ್ಲ. 1976ರಲ್ಲಿ ಗ್ರಾಮಫೋನ್ ತಟ್ಟೆಯಲ್ಲಿಯೂ, 1985ರಲ್ಲಿ ಬಿ.ಬಿ.ಸಿ. ರೇಡಿಯೋದಲ್ಲಿಯೂ ಒಂದೊಂದು ಕಥೆ ಬಂದಿದ್ದಿತು. ಆದರೆ ಅವು ಬಂದು ಹೋದವು. ಇದು ಬಂದು ನಿಂತಿತು. ಇದರ ಹಿಂದೆಯೇ ನೂರಾರು ಧ್ವನಿನಾಟಕಗಳು ಸಾಲುಗಟ್ಟಿ ಬಂದವು.

ನಾವು ಕೇಳಲು ಕುಳಿತ ಮೊದಲನೆಯ ರಾತ್ರಿ ನಡುಮನೆಯ ದೊಡ್ಡ ದೀಪವನ್ನು ಆರಿಸಿ, ದೇವರ ಮನೆಯ ನಂದಾದೀಪವೊಂದನ್ನೇ ಉಳಿಸಿದೆವು. ಇದು ನನ್ನ ಮಗಳ ಸಲಹೆ. "ತಾತನಿಗೆ ಕಾಣದುದು ನಮಗೂ ಕಾಣಬಾರದು" ಎಂದಳು. ನನ್ನ ತಾಯಿಯವರಿಗೆ ಇಂಗ್ಲಿಷ್ ಬಾರದಾದ್ದರಿಂದ, ಆಗಾಗ ನಿಲ್ಲಿಸಿ ಅಜ್ಜಿಗೆ ಅರ್ಥ ಹೇಳುವ ಹೊಣೆಯನ್ನೂ ಅವಳೇ ಹೊತ್ತಳು.

ಕಥೆ ನಾಲ್ಕು ಭಾಗಗಳಲ್ಲಿದೆ. ಒಂದೊಂದೂ ಸುಮಾರು ಅರ್ಧ ಗಂಟೆ. ಮೊದಲನೆಯ ಮೂರರಲ್ಲಿ ಡಾಕ್ಟರನ ಮೂರು ಅವತಾರಗಳು ಬೇರೆ ಬೇರೆಯಾಗಿ ಕಾಣಿಸಿಕೊಳ್ಳುವುವು. ಏಳನೆಯ ಅವತಾರವಾದ ಸಿಲ್ವೆಸ್ಟರ್ ಮಕಾಯ್ ಅವರಿಗೆ ನಿರ್ಜನವಾದ ಗ್ರಹವೊಂದರಲ್ಲಿ ವೃದ್ಧ ಸೆರೆಯಾಳೊಬ್ಬನೂ, ಅವನನ್ನು ಕಾಯುವ ಕಟುಮಾತಿನ ಮುದುಕಿಯೂ, ಅವನನ್ನು ಕೊಲ್ಲಲು ಬರುವ ಘಾತುಕರೂ ಎದುರಾಗುವರು. ಐದನೆಯವರಾದ ಪೀಟರ್ ಡೇವಿಸನ್ ಮೊದಲನೆಯ ಮಹಾಯುದ್ಧದ ಕಾಲದ ಅಟ್ಲಾಂಟಿಕ್ ಸಾಗರದಲ್ಲಿ ಜರ್ಮನರ ಜಲಾಂತರ್ಗಾಮಿಯ ಬಾಯಿಗೆ ಬೀಳುವರು. ಆರನೆಯವರಾದ ಕಾಲಿನ್ ಬೇಕರ್, ಅಂತರಿಕ್ಷದ ವಿಸ್ಮಯವೊಂದನ್ನು ನೋಡಹೊರಟ ನೌಕೆಯಲ್ಲಿ ಸಿಕ್ಕಿಕೊಳ್ಳುವರು. ನಾಲ್ಕನೆಯ ಭಾಗದಲ್ಲಿ ಮೂವರೂ ಒಂದೆಡೆ ಸೇರುವರು. ಆ ಹೊತ್ತಿಗೆ ಅವರ ಸ್ವಂತ ಲೋಕವೇ ಕ್ರೂರ ಯೋಧರ ವಶವಾಗಿರುವುದು.

ಎರಡನೆಯ ಭಾಗದ ಸಮುದ್ರವು ಬರಿಯ ಕಲ್ಪನೆಯಲ್ಲವೆಂಬುದನ್ನು ಮಗಳಿಗೆ ನಮ್ಮ ತಂದೆಯವರು ತಿಳಿಸಿದರು. 1915ನೆಯ ಮೇ 7ರಂದು 'ಯು-20' ಎಂಬ ಜರ್ಮನ್ ಜಲಾಂತರ್ಗಾಮಿಯು ಐರ್ಲೆಂಡಿನ ಕರಾವಳಿಯ ಬಳಿ 'ಲೂಸಿಟೇನಿಯಾ' ಎಂಬ ಪ್ರಯಾಣಿಕರ ಹಡಗನ್ನು ಹೊಡೆದು ಮುಳುಗಿಸಿತು. ಸುಮಾರು 1200 ಜನ ಪ್ರಾಣಬಿಟ್ಟರು. ಅವರಲ್ಲಿ ಅಮೆರಿಕದವರೂ ಅನೇಕರಿದ್ದುದರಿಂದ ಆ ದೇಶದ ಜನಾಭಿಪ್ರಾಯ ಜರ್ಮನಿಯ ವಿರುದ್ಧ ತಿರುಗಲು ಅದೂ ಒಂದು ಕಾರಣವಾಯಿತು. ಒಂದು ಹಡಗಿನ ಗತಿ ಚರಿತ್ರೆಯ ಗತಿಯನ್ನೂ ತಿರುಗಿಸಬಲ್ಲುದು ಎಂಬ ಈ ಎಳೆಯನ್ನೇ ನಾಟಕವು ಹಿಡಿದಿದೆ.

ಎರಡನೆಯ ರಾತ್ರಿ ನಡೆದುದನ್ನು ಇಲ್ಲಿ ಹೇಳಲೇಬೇಕು. ಮೊದಲನೆಯ ಭಾಗದಲ್ಲಿ ಅಪಾಯಕ್ಕೆ ಸಿಕ್ಕಿದ ಎಲೆನ್ಯಾ ಎಂಬ ತರುಣಿಯೊಬ್ಬಳನ್ನು ಡಾಕ್ಟರನು ಕಾಪಾಡುವನು. ಎರಡನೆಯದರಲ್ಲಿ ಹೆಲೆನ್ ಎಂಬ ಪರಿಚಾರಿಕೆ ಅವನ ಜೊತೆಗಾತಿಯಾಗುವಳು. ಕಾಲ ಬೇರೆ, ದೇಶ ಬೇರೆ, ಮಾತಿನ ಧಾಟಿಯೂ ಬೇರೆ. ಹೆಲೆನಳು ನಾಲ್ಕು ಮಾತಾಡಿರಲಿಲ್ಲ, ನಮ್ಮ ತಂದೆಯವರು ಕುರ್ಚಿಯಲ್ಲಿ ನೆಟ್ಟಗೆ ಕುಳಿತು, "ತಡೆ, ಮಗೂ! ಇವಳು ನಿನ್ನೆಯವಳೇ" ಎಂದರು.

"ಇಲ್ಲ ತಾತ, ಇವಳ ಹೆಸರು ಬೇರೆ. ಇದು ನೂರು ವರ್ಷ ಹಿಂದಿನ ಹಡಗು."

"ಹೆಸರು ಬೇರೆಯಿರಬಹುದು. ಉಸಿರು ಅದೇ."

ನಾವು ನಕ್ಕೆವು. ಮೂರನೆಯ ರಾತ್ರಿ ಎಲ್ಲೀ ಎಂಬವಳು ಬಂದಾಗ ಅವರು ಏನೂ ಹೇಳದೆ ತೋರುಬೆರಳನ್ನು ಮಾತ್ರ ಎತ್ತಿದರು. ಆಗ ಯಾರೂ ನಗಲಿಲ್ಲ. ಎಲೆನ್ಯಾ, ಹೆಲೆನ್, ಎಲ್ಲೀ, ಕೊನೆಯ ಭಾಗದಲ್ಲಿ ಶತ್ರುಪಕ್ಷದಲ್ಲಿ ನಿಂತ ಲಯೇನಾ, ಈ ನಾಲ್ಕೂ ಪಾತ್ರಗಳು ಸಾರಾ ಮೋವಟ್ ಎಂಬ ಒಬ್ಬಳೇ ನಟಿಯವು. ಕಥೆಯಲ್ಲಿಯೂ ಅವು ಒಂದೇ ಶಕ್ತಿಯ ವೇಷಗಳು. ಅವಳೇ ಕಾಲದ ಮೋಹಿನಿ. ಕಣ್ಣುಳ್ಳ ನಾವು ಹೆಸರನ್ನು ನಂಬಿದೆವು. ಕಣ್ಣು ಹೋದವರು ದನಿಯನ್ನು ನಂಬಿ ಕಥೆಯ ಗುಟ್ಟನ್ನು ಎರಡು ರಾತ್ರಿ ಮುಂಚೆಯೇ ಬಿಡಿಸಿದರು. ಬಹುಕಾಲದ ಮೇಲೆ ಮನೆಯಲ್ಲಿ ಎಲ್ಲರಿಗಿಂತ ಮೊದಲು ತಿಳಿದವರು ಅವರಾಗಿದ್ದರು. ಆ ರಾತ್ರಿ ಅವರು "ನಿದ್ದೆ ಬರುತ್ತಿದೆ" ಎನ್ನಲಿಲ್ಲ, "ಇಷ್ಟು ಬೇಗ ಮಲಗುವಿರೇನು?" ಎಂದು ನಮ್ಮನ್ನೇ ಕೇಳಿದರು.

ಈ ನಾಟಕದ ಹೆಸರು ಯವನರ ಪುರಾಣದಿಂದ ಬಂದುದು. ದ್ವೀಪವೊಂದರಲ್ಲಿ ಕುಳಿತು ಹಾಡುವ ಸೈರನ್ನುಗಳ ಗಾನಕ್ಕೆ ಮರುಳಾದ ನಾವಿಕರು ನಾಶವಾಗುತ್ತಿದ್ದರಂತೆ. ಯೂಲಿಸಿಸ್ ತನ್ನ ಜೊತೆಯವರ ಕಿವಿಗೆ ಮೇಣವನ್ನು ತುಂಬಿ, ತನ್ನನ್ನು ಕೂವೆಮರಕ್ಕೆ ಕಟ್ಟಿಸಿಕೊಂಡು ಪಾರಾದನು. ಆದರೆ ಈ ನಾಟಕದ ಮೋಹಿನಿಯ ಅಸ್ತ್ರ ಗಾನವಲ್ಲ, ರೂಪವಂತೂ ಅಲ್ಲವೇ ಅಲ್ಲ. "ನನ್ನನ್ನು ಕಾಪಾಡಿ" ಎಂಬ ಮೊರೆಯೇ ಅಸ್ತ್ರ. ದಯಾಳುವಾದವನು ಒಂದೊಂದು ಸಲ ಕೈಚಾಚಿದಾಗಲೂ ಕಾಲದ ನೆಯ್ಗೆಯಲ್ಲಿ ಒಂದೊಂದು ಎಳೆ ಸಡಿಲಗೊಂಡು, ಕೊನೆಗೆ ಕ್ರೂರಿಗಳ ಸಾಮ್ರಾಜ್ಯಕ್ಕೆ ದಾರಿಯಾಗುವುದು. ಸದ್ಗುಣವೇ ಬಲೆಯಾಗುವ ಈ ಸಂಕಟವೇ ನಾಟಕದ ಜೀವಾಳ. ಕಡೆಗೆ ಡಾಕ್ಟರನು ಏನು ಮಾಡುವನೆಂಬುದನ್ನು ಹೇಳಿಬಿಟ್ಟರೆ, ಕೇಳಬೇಕೆಂದಿರುವವರಿಗೆ ಅನ್ಯಾಯ ಮಾಡಿದಂತಾದೀತು.

ಇದನ್ನು ಕೇಳಿ ನನ್ನ ಮಗಳು, "ಹಾಗಾದರೆ ಯಾರಿಗೂ ಸಹಾಯ ಮಾಡಬಾರದೆ?" ಎಂದು ನೊಂದುಕೊಂಡಳು. ನನ್ನ ತಾಯಿಯವರು ಬತ್ತಿ ಹೊಸೆಯುತ್ತಿದ್ದ ಕೈಯನ್ನು ನಿಲ್ಲಿಸದೆ, "ಮಾಡಬಾರದೆಂದು ಯಾರು ಹೇಳಿದರು? ಬಾಗಿಲಿಗೆ ಬಂದವರಿಗೆ ಅನ್ನ ಹಾಕುತ್ತೇವೆ. ಬೀರುವಿನ ಬೀಗದ ಕೈಯನ್ನು ಕೊಡುತ್ತೇವೆಯೆ?" ಎಂದರು. ದಯೆಗೂ ವಿವೇಕಕ್ಕೂ ಇರಬೇಕಾದ ಸಂಬಂಧವನ್ನು ಇಷ್ಟು ಸುಲಭವಾಗಿ ಹೇಳಲು ನಾಟಕಕಾರನಿಗೆ ನಾಲ್ಕು ಭಾಗಗಳು ಬೇಕಾದುವು.

ಕಾಲಸಂಚಾರದ ಕಥೆ ನಮಗೆ ಪರಕೀಯವೆಂದು ಯಾರೂ ಭಾವಿಸಬೇಕಾಗಿಲ್ಲ. ಭಾಗವತದಲ್ಲಿ ರೈವತರಾಜನು ತನ್ನ ಮಗಳಾದ ರೇವತಿಗೆ ವರನನ್ನು ಕೇಳಲೆಂದು ಬ್ರಹ್ಮಲೋಕಕ್ಕೆ ಹೋದನು. ಅಲ್ಲಿ ಗಾನ ನಡೆಯುತ್ತಿದ್ದುದರಿಂದ ಮುಗಿಯುವವರೆಗೆ ಕಾದು ನಿಂತನು. ಆ ಅಲ್ಪಕಾಲದಲ್ಲಿ ಭೂಮಿಯಲ್ಲಿ ಇಪ್ಪತ್ತೇಳು ಚತುರ್ಯುಗಗಳು ಸಂದುಹೋಗಿದ್ದುವು. ಅವನು ಮನಸ್ಸಿನಲ್ಲಿ ಗೊತ್ತುಮಾಡಿಕೊಂಡಿದ್ದ ವರರ ವಂಶಗಳೇ ಉಳಿದಿರಲಿಲ್ಲ. ರೇವತಿ ಬಲರಾಮನ ಕೈಹಿಡಿದಳು. ಇನ್ನು 'ಆಕಾಶವಾಣಿ' ಎಂಬ ಶಬ್ದವನ್ನೇ ನೋಡಿರಿ. ದೇವಕಿಯ ಮದುವೆಯ ಮೆರವಣಿಗೆಯಲ್ಲಿ ಕಂಸನಿಗೆ ಕೇಳಿಬಂದ ಅಶರೀರವಾಣಿಯು ಭವಿಷ್ಯವನ್ನು ನುಡಿಯಿತು. ಅದನ್ನು ತಪ್ಪಿಸಬೇಕೆಂದು ಅವನು ಹೂಡಿದ ಒಂದೊಂದು ಉಪಾಯವೂ ಆ ಭವಿಷ್ಯಕ್ಕೆ ಅವನನ್ನು ಹತ್ತಿರ ಮಾಡಿತು. ದೇಹವಿಲ್ಲದ ದನಿ, ಮುಂದಾಗುವುದರ ಅರಿವು, ಅದನ್ನು ತಿದ್ದಹೊರಟವನ ಸೋಲು: ಕಾಲದ ಕಥೆ ಬರೆಯುವವನಿಗೆ ಬೇಕಾದ ಸಾಮಗ್ರಿಯೆಲ್ಲ ಅಲ್ಲಿಯೇ ಇದೆ. ಕನ್ನಡದಲ್ಲಿ ರಾಜಶೇಖರ ಭೂಸನೂರಮಠರು ವೈಜ್ಞಾನಿಕ ಕಥೆ ಕಾದಂಬರಿಗಳನ್ನು ಬಹುಕಾಲ ಶ್ರದ್ಧೆಯಿಂದ ಬರೆದು, ಈ ಬೆಳೆ ನಮ್ಮ ಮಣ್ಣಿನಲ್ಲಿಯೂ ಬೆಳೆಯುವುದೆಂದು ತೋರಿಸಿದರು.

ಆ ಶಬ್ದವು ಬಾನುಲಿಗೆ ಅಂಟಿದುದೂ ಕನ್ನಡ ನಾಡಿನಲ್ಲಿಯೇ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ನೆಯ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಾದ 'ವಿಠ್ಠಲ ವಿಹಾರ'ದಿಂದ ಪ್ರಸಾರವನ್ನು ಆರಂಭಿಸಿದರು. ಅವರ ಪ್ರೇಷಕಯಂತ್ರದ ಶಕ್ತಿ ಮೊದಲಿಗೆ 30 ವ್ಯಾಟುಗಳು. ಮನೆಯ ಒಂದು ಸಾಧಾರಣ ದೀಪದಷ್ಟು! ಆ ಪುಟ್ಟ ಕೇಂದ್ರದ ಹೆಸರೇ ಮುಂದೆ ಇಡೀ ಭಾರತದ ಬಾನುಲಿಗೆ ಹೆಸರಾಯಿತು. 1955ರಲ್ಲಿ ಕೇಂದ್ರವು ಮೈಸೂರಿನಿಂದ ಬೆಂಗಳೂರಿಗೆ ಬಂದಿತು. ಮೈಸೂರಿನಲ್ಲಿಯೇ ಬಾಲ್ಯವನ್ನು ಕಳೆದ ನಮ್ಮ ತಂದೆಯವರು, ನೆರೆಮನೆಯ ಜಗಲಿಯಲ್ಲಿ ಕುಳಿತು ಬಾನುಲಿ ಕೇಳಿದವರು. "ಆಗ ನಮಗೆ ಕಣ್ಣಿದ್ದರೂ ರೇಡಿಯೋಪೆಟ್ಟಿಗೆಯಲ್ಲಿ ನೋಡುವುದಕ್ಕೆ ಏನಿತ್ತು? ಎಲ್ಲರೂ ಕಿವಿಯಿಂದಲೇ ನೋಡುತ್ತಿದ್ದೆವು" ಎಂದು ಅವರು ಹೇಳುವಾಗ, ಆ ಜಗಲಿಯಲ್ಲಿ ಎಲ್ಲರೂ ಸಮಾನರಾಗಿದ್ದರೆಂಬುದು ನನಗೆ ಹೊಳೆಯಿತು.

ಧ್ವನಿನಾಟಕವು ರಂಗನಾಟಕದ ಬಡ ತಂಗಿಯೆಂಬ ತಾತ್ಸಾರ ಸಲ್ಲದು. ನಮ್ಮ ಜಯನಗರಕ್ಕೆ ನೆರೆಯ ಜೆ. ಪಿ. ನಗರದಲ್ಲಿ ಬಹುಕಾಲ ನೆಲಸಿ 2019ರಲ್ಲಿ ತೀರಿಕೊಂಡ ಗಿರೀಶ ಕಾರ್ನಾಡರು, ಟಿಪ್ಪುವಿನ ಕನಸುಗಳನ್ನು ಕುರಿತ ತಮ್ಮ ನಾಟಕವನ್ನು ಮೊದಲು ಇಂಗ್ಲಿಷಿನಲ್ಲಿ ಬಿ.ಬಿ.ಸಿ. ರೇಡಿಯೋಗಾಗಿ ರಚಿಸಿದರು, ಭಾರತದ ಸ್ವಾತಂತ್ರ್ಯಕ್ಕೆ ಐವತ್ತು ತುಂಬಿದ 1997ರಲ್ಲಿ ಅದು ಪ್ರಸಾರವಾಯಿತು. ಕನ್ನಡದಲ್ಲಿ ರಂಗವೇರಿದುದು ಅನಂತರ. ಕನಸು, ಭೂತಕಾಲ, ಭವಿಷ್ಯ, ಇವುಗಳಿಗೆ ಪರದೆ ಕಟ್ಟುವುದು ಕಷ್ಟ, ದನಿ ಕೊಡುವುದು ಸುಲಭ. ಸಾಗರದಡಿಯ ನೌಕೆಯನ್ನು ರಂಗದ ಮೇಲೆ ತರಬೇಕಾದರೆ ಸಾವಿರಾರು ರೂಪಾಯಿ ಬೇಕು. ಧ್ವನಿಯಲ್ಲಿ ತರಬೇಕಾದರೆ ಕಬ್ಬಿಣದ ಗೋಡೆಗೆ ತಾಗಿ ಮರಳುವ ಮಾತು, ದೂರದ ಯಂತ್ರದ ಗುಂಯ್‌ಗುಡುವಿಕೆ, ಒಂದು ತೊಟ್ಟು ನೀರಿನ ಸದ್ದು ಸಾಕು. ನೌಕೆಯನ್ನು ಕಟ್ಟುವ ಬಡಗಿ ಕೇಳುವವನೇ.

ಗುಣವನ್ನು ಹೇಳಿದ ಮೇಲೆ ದೋಷವನ್ನೂ ಹೇಳಬೇಕಷ್ಟೆ. ಹೊಸ ಪ್ರಯೋಗದ ಅಂಜಿಕೆ ಈ ನಾಟಕದಲ್ಲಿ ಅಲ್ಲಲ್ಲಿ ಕಾಣುವುದು. ಕಾಳಗದ ಸಂದರ್ಭಗಳಲ್ಲಿ ಸದ್ದಿನ ಮೇಲೆ ಸದ್ದು ಬಿದ್ದು, ಯಾರು ಹೊಡೆದರು, ಯಾರು ಬಿದ್ದರು ಎಂಬುದು ತಿಳಿಯದು. ಕಾಣುವುದನ್ನು ಕಾಣುವವನೇ ಬಾಯಿಬಿಟ್ಟು ವರ್ಣಿಸುವ ಕೃತಕತೆಯೂ ಉಂಟು. "ಎದುರಿಗಿರುವವನಿಗೆ ಗೊತ್ತಿರುವುದನ್ನೇ ಹೇಳುತ್ತಾನಲ್ಲ!" ಎಂದು ನಮ್ಮ ತಂದೆಯವರು ಗೊಣಗಿದರು. ನಾಲ್ಕನೆಯ ಭಾಗದಲ್ಲಿ ಕಥೆ ನಡೆಯುವುದಕ್ಕಿಂತ ಕಥೆಯ ವಿವರಣೆಯೇ ಹೆಚ್ಚಾಗಿ, ನಾವು ಎರಡು ಸಲ ಹಿಂದಕ್ಕೆ ಹೋಗಿ ಕೇಳಬೇಕಾಯಿತು. ಆದರೂ ಮೂವರು ನಾಯಕರು ಒಬ್ಬರನ್ನೊಬ್ಬರು ಛೇಡಿಸುವ ಸಂಭಾಷಣೆ ಸೊಗಸಾಗಿದೆ. ಒಬ್ಬನೇ ಮನುಷ್ಯನು ತನ್ನ ಮೂರು ವಯಸ್ಸುಗಳೊಡನೆ ಜಗಳವಾಡಿದರೆ ಹೇಗಿರಬಹುದೆಂಬುದನ್ನು ಮುದುಕರಾದವರೆಲ್ಲ ಬಲ್ಲರು.

ಈ ಮಾಲೆಯ ಚರಿತ್ರೆಯಲ್ಲಿ ಗೃಹಸ್ಥರು ಗಮನಿಸಬೇಕಾದ ಇನ್ನೊಂದು ಸಂಗತಿಯುಂಟು. ಟೆಲಿವಿಷನ್ನಿನ ಮೊದಲ ವರ್ಷಗಳಲ್ಲಿ ಚಿತ್ರಸುರುಳಿಗಳನ್ನು ಕಾಪಾಡುವ ಪದ್ಧತಿಯಿರಲಿಲ್ಲ. 1960ರ ದಶಕದ ಕಂತುಗಳನ್ನು ಬಿ.ಬಿ.ಸಿ.ಯವರು ಅಳಿಸಿ ಸುರುಳಿಗಳನ್ನು ಬೇರೆ ಕೆಲಸಕ್ಕೆ ಬಳಸಿದರು, ಹಲವನ್ನು ಎಸೆದರು. ಹೀಗೆ ತೊಂಬತ್ತಕ್ಕೂ ಹೆಚ್ಚು ಕಂತುಗಳ ಚಿತ್ರ ಇಂದಿಗೂ ದೊರೆತಿಲ್ಲ. ಆದರೆ ಆಶ್ಚರ್ಯವೇನೆಂದರೆ, ಅವುಗಳಲ್ಲಿ ಪ್ರತಿಯೊಂದರ ಧ್ವನಿಯೂ ಉಳಿದಿದೆ! ಉಳಿಸಿದವರು ಅಧಿಕಾರಿಗಳಲ್ಲ, ಪ್ರಸಾರದ ಹೊತ್ತಿನಲ್ಲಿ ತಮ್ಮ ಮನೆಯ ನಡುಮನೆಯಲ್ಲಿ ಕುಳಿತು, ಧ್ವನಿಮುದ್ರಣ ಯಂತ್ರವನ್ನು ತಿರುಗಿಸಿಕೊಂಡ ಸಾಮಾನ್ಯ ಪ್ರೇಕ್ಷಕರು. ಅವರಲ್ಲಿ ಹುಡುಗರೂ ಇದ್ದರು. ಸಂಸ್ಥೆ ಕಳೆದುದನ್ನು ಸಂಸಾರಗಳು ಉಳಿಸಿದವು.

ಇದನ್ನು ಕೇಳಿದ ನನ್ನ ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಬಳಿಕ ತನ್ನ ಮೊಬೈಲನ್ನು ತಾತನ ಮುಂದಿನ ಸ್ಟೂಲಿನ ಮೇಲಿಟ್ಟು, "ತಾತ, ಆ ರೈವತರಾಜನ ಕಥೆಯನ್ನು ಇನ್ನೊಂದು ಸಲ ಹೇಳಿ" ಎಂದಳು. ಅವರು ಗಂಟಲು ಸರಿಮಾಡಿಕೊಂಡು ಆರಂಭಿಸಿದರು. ಹಿನ್ನೆಲೆಯಲ್ಲಿ ಕುಕ್ಕರಿನ ಸದ್ದೂ, ಬೀದಿಯಲ್ಲಿ ಹೋದ ಆಟೋರಿಕ್ಷಾದ ಸದ್ದೂ, "ರೇವತಿಯ ಎತ್ತರವನ್ನು ಹೇಳುವುದು ಮರೆತಿರಿ" ಎಂದು ನನ್ನ ತಾಯಿಯವರು ತಿದ್ದಿದ ಮಾತೂ ಅದರಲ್ಲಿ ಸೇರಿಕೊಂಡಿವೆ. ಅಳಿಸೋಣವೇ ಎಂದು ಕೇಳಿದ್ದಕ್ಕೆ ಮಗಳು ಒಪ್ಪಲಿಲ್ಲ. ಈವರೆಗೆ ಹದಿನೇಳು ಕಥೆಗಳಾಗಿವೆ.

ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಮನೆಯಲ್ಲಿ ದೃಷ್ಟಿ ಮಂದವಾದ ಹಿರಿಯರಿದ್ದರೆ ವಾರಕ್ಕೊಂದು ಸಂಜೆಯಾದರೂ ಚಿತ್ರವನ್ನು ನಿಲ್ಲಿಸಿ ಧ್ವನಿಯನ್ನು ಹಚ್ಚಿರಿ. ನಾಟಕ ಯಾವುದಾದರೂ ಆಗಲಿ, ಭಾಷೆ ಯಾವುದಾದರೂ ಆಗಲಿ. ಒಂದು ಸಲಕ್ಕೆ ಅರ್ಧ ಗಂಟೆ ಸಾಕು. ನಡುವೆ ನಿಲ್ಲಿಸಿ ಮಾತಾಡುವುದಕ್ಕೆ ಬಿಡುವು ಕೊಡಿರಿ. ಆ ಮಾತೇ ಮುಖ್ಯ. ದೀಪವನ್ನು ತಗ್ಗಿಸುವುದನ್ನು ಮರೆಯಬೇಡಿರಿ. ಕತ್ತಲಲ್ಲಿ ಕುಳಿತಾಗ ಕಾಣುವವರೂ ಕಾಣದವರೂ ಒಂದೇ ಸಾಲಿನವರಾಗುವರು. ಹಿರಿಯರು ಬಾಯಿಬಿಟ್ಟು ಕಥೆ ಹೇಳತೊಡಗಿದರೆ ಅದನ್ನು ಮುದ್ರಿಸಿಟ್ಟುಕೊಳ್ಳಿರಿ. ಕಾಲದಲ್ಲಿ ಹಿಂದಕ್ಕೆ ಹೋಗುವ ಯಂತ್ರವು ಡಾಕ್ಟರನೊಬ್ಬನಿಗೇ ಇರುವುದು. ನಮಗಿರುವುದು ಈ ಸಂಜೆ ಮಾತ್ರ.

ಇದನ್ನು ಬರೆದು ಮುಗಿಸುವ ಹೊತ್ತಿಗೆ ನಡುಮನೆಯಿಂದ ನಮ್ಮ ತಂದೆಯವರ ಕರೆ ಕೇಳಿಬರುತ್ತಿದೆ. ದೀಪವನ್ನು ಆರಿಸಿಯಾಗಿದೆಯಂತೆ, ನಾನೊಬ್ಬನೇ ತಡವಂತೆ.